ನೋಡಿದ್ದಕ್ಕೂ ದುಡ್ಡಾ?

ತಪ್ಪೊಪ್ಪಿಗೆಯಿಂದಲೇ ಶುರು ಮಾಡ್ತೀನಿ. ಮುದ್ದೇನಹಳ್ಳಿಯಿಂದ ತಮ್ಮ ಫೋನ್ ಮಾಡಿ "ಅಣ್ಣಾ, ಕಂಪ್ಯೂಟರು ರೆಂಡರ್‌ಗೆ ಇಟ್ರೆ ಸಾಕು, ಆಫ್ ಆಗ್ಬಿಡುತ್ತೆ" ಅಂದಾಗ ನಾನು ಮೀಟಿಂಗಿನಲ್ಲಿದ್ದೆ. ಬಾಯಿಗೆ ಕೈ ಅಡ್ಡ ಇಟ್ಟುಕೊಂಡು ಪಿಸುಗುಟ್ಟಿದ ಉತ್ತರ ಎರಡೇ ಪದ: "ಫಾರ್ಮ್ಯಾಟ್ ಮಾಡ್ಸು." ನಾಲ್ಕು ವರ್ಷ ಇಂಜಿನಿಯರಿಂಗ್ ಓದಿ, ದಿನಕ್ಕೆ ಹತ್ತು ಗಂಟೆ ಕಂಪ್ಯೂಟರಿನ ಮುಂದೆ ಕೂತು ಸಂಬಳ ಎಣಿಸೋ ಮನುಷ್ಯ ಕೊಟ್ಟ ಸಲಹೆ ಇದು. ಜ್ವರ ಅಂದವನಿಗೆ ಕೇಳದೆ ಮಾಡದೆ ಒಂದು ಮಾತ್ರೆ ಎಸೆದ ಹಾಗೆ.

ತಮ್ಮ ಅಂದ್ರೆ ಚಿಕ್ಕಪ್ಪನ ಮಗ. ಮದುವೆ ವಿಡಿಯೊ ಎಡಿಟಿಂಗ್ ಮಾಡ್ತಾನೆ. ನಂದಿ ಬೆಟ್ಟದ ಬುಡದಲ್ಲಿ ಮನೆ ಇದ್ದರೆ ಪ್ರೀ-ವೆಡ್ಡಿಂಗ್ ಶೂಟಿಂಗ್ ಕೆಲಸಕ್ಕೆ ಬರ ಇಲ್ಲ ನೋಡಿ. ಬೆಂಗಳೂರಿನಿಂದ ಬರುವ ಜೋಡಿಗಳು, ಶಿಡ್ಲಘಟ್ಟ, ಚಿಂತಾಮಣಿ ಕಡೆಯ ಮದುವೆಗಳು, ಎಲ್ಲಾ ಸೇರಿ ಸೀಸನ್ನಿನಲ್ಲಿ ಚೆನ್ನಾಗಿಯೇ ನಡೆಯುತ್ತೆ. ಆದರೆ ಅವನ ವ್ಯವಹಾರದ ಲೆಕ್ಕ ಹೀಗೆ: ಅಡ್ವಾನ್ಸು ಕ್ಯಾಮೆರಾ ಬಾಡಿಗೆಗೂ ಹುಡುಗರ ಕೂಲಿಗೂ ಹೋಗುತ್ತೆ. ಉಳಿಯುವುದೇನಿದ್ದರೂ ವಿಡಿಯೊ ಪೆನ್‌ಡ್ರೈವಿಗೆ ಹಾಕಿ ಕೈಗೆ ಕೊಟ್ಟ ಮೇಲೆ ಬರುವ ಬಾಕಿಯಲ್ಲಿ. ರೆಂಡರ್ ಮುಗಿಯಲಿಲ್ಲ ಅಂದ್ರೆ ಬಾಕಿ ಇಲ್ಲ. ಮೂರು ಮದುವೆಯ ಬಾಕಿ ಹಾಗೇ ನೇತಾಡ್ತಾ ಇತ್ತು.

ನನ್ನ ಮಾತು ಕೇಳಿ ಪಾಪ ಫಾರ್ಮ್ಯಾಟ್ ಮಾಡಿಸಿದ. ಐನೂರು ರೂಪಾಯಿ. ಎರಡು ದಿನ ಚೆನ್ನಾಗಿತ್ತು (ಆ ಎರಡು ದಿನ ಅವನು ರೆಂಡರ್ರೇ ಮಾಡಿರಲಿಲ್ಲ, ಸಾಫ್ಟ್‌ವೇರು ಹಾಕಿಕೊಳ್ಳೋದ್ರಲ್ಲೇ ಮುಗಿದಿತ್ತು!). ಮೂರನೇ ದಿನ ಮತ್ತೆ ಆಫ್. ಅಂಗಡಿಯಲ್ಲಿ ವೈರಸ್ ಅಂತ ಇನ್ನೊಂದು ಸಲ ಫಾರ್ಮ್ಯಾಟ್ ಆಯಿತು, ಇನ್ನೊಂದು ಐನೂರು. ಆಮೇಲೆ ರ್‍ಯಾಮ್ ಹೋಗಿದೆ ಅಂತ ಬದಲಾಯಿಸಿದರು, ಸಾವಿರದ ಎಂಟುನೂರು. ಕೊನೆಗೆ "ಮದರ್‌ಬೋರ್ಡೇ ಹೋಗಿದೆ, ಎಂಟೂವರೆ ಸಾವಿರ ಆಗುತ್ತೆ" ಅಂದರಂತೆ. ಚಿಕ್ಕಮ್ಮ ಬಳೆ ಗಿರವಿ ಇಡುವ ಮಾತಾಡಿದ್ದು ಕಿವಿಗೆ ಬಿದ್ದಾಗ ನನಗೆ ನಿಜಕ್ಕೂ ನಾಚಿಕೆಯಾಯಿತು. ಶನಿವಾರ ಬೆಳಗ್ಗೆ ಬಸ್ಸು ಹತ್ತಿದೆ. ಬ್ಯಾಗಲ್ಲಿ ಒಂದು ಮಲ್ಟಿಮೀಟರು, ಒಂದು ಟ್ಯೂಬ್ ಥರ್ಮಲ್ ಪೇಸ್ಟು, ಬಣ್ಣ ಹೊಡೆಯೋ ಬ್ರಷ್ಷು.

ಕ್ಯಾಬಿನೆಟ್ಟಿನ ಬಾಗಿಲು ತೆಗೆದರೆ... ಅಬ್ಬಾ! ಊದುಬತ್ತಿಯ ಹೊಗೆ, ಕೆಮ್ಮಣ್ಣಿನ ಧೂಳು ಎಲ್ಲ ಸೇರಿ ಹೀಟ್‌ಸಿಂಕಿನ ಮೇಲೆ ಕಂಬಳಿ ಹೊದಿಸಿದ ಹಾಗಿತ್ತು. ಕಂಪ್ಯೂಟರು ಇಟ್ಟಿದ್ದು ದೇವರ ಮನೆಯ ಪಕ್ಕದಲ್ಲೇ. "ಸಿಕ್ಕಿಬಿಟ್ಟ ಕಳ್ಳ" ಅಂತ ನಾನು ಹಿಗ್ಗಿದೆ. ರೆಂಡರ್ ಮಾಡುವಾಗ ಪ್ರೊಸೆಸರಿನ ಶಾಖ ನೋಡಿದರೆ 96 ಡಿಗ್ರಿ. ಧೂಳು ಹೊಡೆದು, ಒಣಗಿ ಸುಣ್ಣವಾಗಿದ್ದ ಹಳೇ ಪೇಸ್ಟು ಒರೆಸಿ, ಹೊಸದು ಬಟಾಣಿಯಷ್ಟು ಹಾಕಿ ಕೂರಿಸಿದೆ. ಶಾಖ 74ಕ್ಕೆ ಇಳಿಯಿತು. ಚಿಕ್ಕಮ್ಮನ ಎದುರು ಎದೆಯುಬ್ಬಿಸಿ "ಆಯ್ತು ಚಿಕ್ಕಮ್ಮ, ಅಷ್ಟೇ" ಅಂದೆ. ಅವರು ಬಸ್ಸಾರು ಬಿಸಿಗಿಟ್ಟು ಮುದ್ದೆ ತಟ್ಟೆಗೆ ಹಾಕುವಷ್ಟರಲ್ಲಿ ಕೋಣೆಯಿಂದ "ಟಕ್" ಅಂತ ಸದ್ದು. ಆಫ್.

ಇಲ್ಲಿ ಸ್ವಲ್ಪ ನಿಲ್ಲಬೇಕು. ನಾನು ಮಾಡಿದ ತಪ್ಪನ್ನೇ ಬಹಳ ಜನ ಮಾಡ್ತಾರೆ. ಆಫ್ ಆಗುತ್ತೆ ಅಂದ ಕೂಡಲೇ ಬಿಸಿಯಾಗ್ತಿದೆ ಅಂತ ತೀರ್ಮಾನ. ಶಾಖ ಒಂದು ಕಾರಣ ಇರಬಹುದು, ಸುಳ್ಳಲ್ಲ. ಆದರೆ ಈಗಿನ ಪ್ರೊಸೆಸರುಗಳು ಬಿಸಿಯಾದರೆ ಮೊದಲು ನಿಧಾನವಾಗುತ್ತವೆ. ವೇಗ ಇಳಿಸಿ, ಉಸಿರಾಡಿಕೊಂಡು, ಕೆಲಸ ಎಳೆಯುತ್ತವೆ. ಸಾಮಾನ್ಯವಾಗಿ 100 ಡಿಗ್ರಿಯ ಸುತ್ತಮುತ್ತ ಈ ಕಡಿವಾಣ. ಅದನ್ನೂ ಮೀರಿ ಇನ್ನೂ ಮೇಲೆ ಹೋದರೆ ಮಾತ್ರ ತಾವಾಗಿ ಆಫ್. 2001ರಲ್ಲಿ ಟಾಮ್ಸ್ ಹಾರ್ಡ್‌ವೇರ್‌ನವರು ಒಂದು ವಿಡಿಯೊ ಮಾಡಿದ್ದರು, ಹಳಬರಿಗೆ ನೆನಪಿರಬಹುದು. ಓಡುತ್ತಿದ್ದ ಕಂಪ್ಯೂಟರಿನಿಂದ ಹೀಟ್‌ಸಿಂಕನ್ನೇ ಕಿತ್ತು ಹಾಕಿದರು. ಪೆಂಟಿಯಂ 4 ಆಮೆ ಥರ ನಿಧಾನವಾಗಿ ಆದರೂ ಓಡ್ತಾನೇ ಇತ್ತು, ಆಗಿನ ಎಎಂಡಿ ಅಥ್ಲಾನ್ ಹೊಗೆಯಾಡಿ ಸತ್ತೇ ಹೋಯಿತು. ಆ ಕಾಲ ಹೋಯಿತು, ಇವತ್ತು ಎಲ್ಲರ ಚಿಪ್ಪಿನಲ್ಲೂ ರಕ್ಷಣೆ ಇದೆ. ಹಾಗಾಗಿ ಒಂಚೂರೂ ನಿಧಾನವಾಗದೆ, ನೀಲಿ ಪರದೆಯೂ ಬರದೆ, ಯಾರೋ ಸ್ವಿಚ್ ಒತ್ತಿದ ಹಾಗೆ ದಿಢೀರಂತ ಹೋದರೆ ಮೊದಲು ಅನುಮಾನಪಡಬೇಕಾದ್ದು ಕರೆಂಟಿನ ದಾರಿಯನ್ನ.

ವಿಂಡೋಸಿನ ಇವೆಂಟ್ ವ್ಯೂವರ್ ತೆರೆದರೆ ಕೆಂಪಗೆ "ಕರ್ನಲ್-ಪವರ್ 41" ಅಂತ ಸಾಲುಸಾಲಾಗಿ ಕೂತಿರುತ್ತೆ. ಪವರ್ ಅಂತ ಹೆಸರಿದೆ ಅಂತ ಅದನ್ನೇ ಸಾಕ್ಷಿ ಅಂದುಕೊಳ್ಳಬೇಡಿ. ಅದು ಹೇಳೋದು ಇಷ್ಟೇ: ಹೋದ ಸಲ ಸರಿಯಾಗಿ ಶಟ್‌ಡೌನ್ ಆಗಲಿಲ್ಲ. ಅದು ನಮಗೂ ಗೊತ್ತಿತ್ತಲ್ಲ ಸ್ವಾಮಿ :-)

ಮುದ್ದೆ ನುಂಗುತ್ತಾ ತಮ್ಮನನ್ನ ಕೂರಿಸಿಕೊಂಡು ಮೊದಲಿಂದ ಕೇಳಿದೆ. ಫೋನಿನಲ್ಲಿ ಮೊದಲ ದಿನ ಕೇಳಬೇಕಿದ್ದ ಪ್ರಶ್ನೆಗಳು.

"ಆಫ್ ಆದ್ಮೇಲೆ ಬಟನ್ ಒತ್ತಿದ್ರೆ ಆನ್ ಆಗುತ್ತಾ?"

"ಇಲ್ಲ ಅಣ್ಣ. ಹಿಂದ್ಗಡೆ ಸ್ವಿಚ್ ಆಫ್ ಮಾಡಿ ಒಂದು ನಿಮಿಷ ಬಿಟ್ಟು ಹಾಕ್ಬೇಕು. ಆವಾಗ್ಲೇ ಬರೋದು. ನಿಂಗೆ ಫೋನಲ್ಲಿ ಹೇಳಿದ್ನಲ್ಲ."

ಹೇಳಿದ್ದನಂತೆ! ನನ್ನ ಕಿವಿಗೆ ಬಿದ್ದಿರಲೇ ಇಲ್ಲ. ಅರ್ಧ ರೋಗ ಅಲ್ಲೇ ಇತ್ತು. ಎಸ್‌ಎಂಪಿಎಸ್ ಒಳಗೆ ಒಂದು ರಕ್ಷಣೆ ಇರುತ್ತೆ. ಮಿತಿ ಮೀರಿ ಕರೆಂಟು ಎಳೆದರೆ, ಅಥವಾ ಯಾವುದೋ ವೋಲ್ಟೇಜು ದಾರಿ ತಪ್ಪಿದರೆ ಅದು ಬಾಗಿಲು ಹಾಕಿ ಚಿಲಕ ಜಡಿದುಕೊಳ್ಳುತ್ತೆ. ಗೋಡೆಯ ಕರೆಂಟು ತಪ್ಪಿಸಿ ಮತ್ತೆ ಕೊಟ್ಟರೇ ಚಿಲಕ ಬಿಚ್ಚೋದು.

"ಯಾವಾಗಿಂದ ಹೀಗೆ?"

"ಗ್ರಾಫಿಕ್ಸ್ ಕಾರ್ಡ್ ಹಾಕಿಸಿದ್ನಲ್ಲ, ಅದಾಗಿ ಒಂದು ವಾರಕ್ಕೆ."

ಕಾರ್ಡು ಎಸ್.ಪಿ. ರೋಡಿನಲ್ಲಿ ತೆಗೆದುಕೊಂಡ ಸೆಕೆಂಡ್ ಹ್ಯಾಂಡ್ ಆರ್‌ಎಕ್ಸ್ 580. ಈ ಮಾತನ್ನೂ ಯಾರೂ ಅವನನ್ನ ಕೇಳಿರಲಿಲ್ಲ. ನಾನೂ ಕೇಳಿರಲಿಲ್ಲ.

ಊಟ ಮುಗಿಸಿ ಕೈ ಒರೆಸಿಕೊಂಡು ಕೂತೆವು. ಮೊದಲು ಯುಪಿಎಸ್ ತಪ್ಪಿಸಿ ನೇರ ಗೋಡೆಯ ಪ್ಲಗ್ಗಿಗೆ ಹಾಕಿದೆ. ಬ್ಯಾಟರಿ ಸತ್ತ ಯುಪಿಎಸ್ಸೂ ಇದೇ ನಾಟಕ ಆಡುತ್ತೆ, ಅದಕ್ಕೆ. ಆದರೂ ಆಫ್. ಹಾಗಾದರೆ ಯುಪಿಎಸ್ ನಿರಪರಾಧಿ. ಆಮೇಲೆ ಭಾರವನ್ನ ಬೇರೆ ಬೇರೆ ಮಾಡಿ ನೋಡಿದೆವು. ಪ್ರೈಮ್95 ಅಂತ ಒಂದು ತಂತ್ರಾಂಶ ಇದೆ, 1996ರಲ್ಲಿ ಶುರುವಾದ ದೈತ್ಯ ಅವಿಭಾಜ್ಯ ಸಂಖ್ಯೆಗಳನ್ನ ಹುಡುಕೋ ಯೋಜನೆಯದ್ದು. ಸಂಖ್ಯೆ ಹುಡುಕೋಕಿಂತ ಕಂಪ್ಯೂಟರಿಗೆ ಬೆವರಿಳಿಸೋಕೇ ಜನ ಅದನ್ನ ಜಾಸ್ತಿ ಬಳಸ್ತಾರೆ. ಪ್ರೊಸೆಸರಿಗೆ ಮಾತ್ರ ಭಾರ ಕೊಟ್ಟು ಅರ್ಧ ಗಂಟೆ ಓಡಿಸಿದೆವು. ಏನೂ ಆಗಲಿಲ್ಲ. ಫರ್‌ಮಾರ್ಕ್ ಹಾಕಿ ಗ್ರಾಫಿಕ್ಸ್ ಕಾರ್ಡಿಗೆ ಮಾತ್ರ ಭಾರ ಕೊಟ್ಟೆವು. ಹತ್ತು ನಿಮಿಷ ಹಲ್ಲು ಕಚ್ಚಿ ನಿಂತಿತು. ಎರಡನ್ನೂ ಒಟ್ಟಿಗೆ ಓಡಿಸಿದೆವು... ನಲವತ್ತು ಸೆಕೆಂಡು. ಟಕ್.

ಮುಂದಿನ ಸಲ ಹಳದಿ ತಂತಿಗೂ ಕಪ್ಪು ತಂತಿಗೂ ಮಲ್ಟಿಮೀಟರು ಹಿಡಿದು ನೋಡಿದೆ. ಸುಮ್ಮನಿದ್ದಾಗ 11.9 ವೋಲ್ಟ್. ಎರಡೂ ಭಾರ ಬಿದ್ದಾಗ 11.3ಕ್ಕೆ ಜಾರಿ, ಆಫ್. 12 ವೋಲ್ಟಿನ ಲೈನು ಶೇಕಡಾ 5ರಷ್ಟು ಮಾತ್ರ ಆಚೀಚೆ ಆಗಬಹುದು ಅನ್ನೋದು ಎಟಿಎಕ್ಸ್ ನಿಯಮ. ಅಂದರೆ 11.4ಕ್ಕಿಂತ ಕೆಳಗೆ ಇಳಿಯೋ ಹಾಗಿಲ್ಲ. ಸಿಕ್ಕಿತು ಬಾಲ.

ಎಸ್‌ಎಂಪಿಎಸ್ ಬಿಚ್ಚಿ ಆಚೆ ತೆಗೆದೆ. (ಅದರ ಡಬ್ಬವನ್ನ ಮಾತ್ರ ದಯವಿಟ್ಟು ತೆರೆಯಬೇಡಿ. ನಮ್ಮ 230 ವೋಲ್ಟ್ ಒಳಗೆ ಹೋಗಿ 325ರ ಆಸುಪಾಸಿನ ಡಿಸಿ ಆಗಿ ಕೆಪಾಸಿಟರಿನಲ್ಲಿ ಕೂತಿರುತ್ತೆ, ಪ್ಲಗ್ ಕಿತ್ತ ಮೇಲೂ ಸ್ವಲ್ಪ ಹೊತ್ತು.) ಡಬ್ಬದ ಮೇಲೆ ದಪ್ಪಕ್ಷರದಲ್ಲಿ 450 ವ್ಯಾಟ್. ಕೆಳಗೆ ಸಣ್ಣಕ್ಷರದ ಪಟ್ಟಿಯಲ್ಲಿ 12 ವೋಲ್ಟಿಗೆ 16 ಆಂಪಿಯರ್. ನೀವೇ ಗುಣಿಸಿ ನೋಡಿ. 192 ವ್ಯಾಟ್! ಉಳಿದದ್ದೆಲ್ಲ 5 ವೋಲ್ಟು, 3.3 ವೋಲ್ಟಿನ ಲೈನುಗಳ ಲೆಕ್ಕ. ಹಳೇ ಕಾಲದ ಕಂಪ್ಯೂಟರುಗಳಿಗೆ ಅವು ಬೇಕಿತ್ತು, ಈಗಿನ ಪ್ರೊಸೆಸರು ಮತ್ತು ಕಾರ್ಡು ಎರಡೂ ಉಣ್ಣೋದು 12 ವೋಲ್ಟಿನಿಂದ. ಆರ್‌ಎಕ್ಸ್ 580 ಒಂದೇ 185 ವ್ಯಾಟಿನ ಕಾರ್ಡು. ಅದರ ಮೇಲೆ ಪ್ರೊಸೆಸರು, ಫ್ಯಾನು, ಡಿಸ್ಕು. ಒಬ್ಬರು ಮಲಗೋ ಚಾಪೆಯಲ್ಲಿ ಇಬ್ಬರು ಮಲಗಿದ ಹಾಗೆ. ಒಬ್ಬ ಮಗ್ಗುಲು ಬದಲಿಸಿದರೆ ಇನ್ನೊಬ್ಬ ನೆಲಕ್ಕೆ. ಇಷ್ಟು ಸಾಲದು ಅಂತ, ಆ ಸಪ್ಲೈನಲ್ಲಿ ಕಾರ್ಡಿಗೆ ಬೇಕಾದ ಎಂಟು ಪಿನ್ನಿನ ಕೇಬಲ್ಲೇ ಇರಲಿಲ್ಲ. ಹಾರ್ಡ್‌ಡಿಸ್ಕಿಗೆ ಹಾಕೋ ಮೊಲೆಕ್ಸ್ ಕೇಬಲ್ಲಿಗೆ ಕನ್ವರ್ಟರ್ ಸಿಕ್ಕಿಸಿ ಕೊಟ್ಟಿದ್ದರು. ಅದರ ಬಿಳಿ ಪ್ಲಾಸ್ಟಿಕ್ಕು ಕಂದು ಬಣ್ಣಕ್ಕೆ ತಿರುಗಿತ್ತು. ಇನ್ನು ಸ್ವಲ್ಪ ದಿನ ಬಿಟ್ಟಿದ್ದರೆ ಆಫ್ ಆಗೋದಲ್ಲ, ಹೊಗೆಯೇ ಬರ್ತಿತ್ತು ಅನ್ಸುತ್ತೆ.

ಅಷ್ಟು ದಿನ ಎಲ್ಲರೂ ಬೈದದ್ದು ಆ ಆಫ್ ಆಗೋ ಬುದ್ಧಿಯನ್ನ. ಮನೆ ಸುಡದೆ ಉಳಿಸಿದ್ದೂ ಅದೇ.

ಆದರೂ ಅನುಮಾನವನ್ನ ಅನುಮಾನವಾಗಿಯೇ ಬಿಟ್ಟು ನಾಲ್ಕು ಸಾವಿರ ಖರ್ಚು ಮಾಡೋದು ಸರಿಯಲ್ಲ, ನಾನೂ ಅಂಗಡಿಯವರ ಥರಾನೇ ಆದ ಹಾಗಾಯಿತಲ್ಲ. ಇನ್ನೊಂದು ಒಳ್ಳೆ ಸಪ್ಲೈ ಹಾಕಿ ನೋಡಲೇಬೇಕು. ಸಂಜೆ ತಮ್ಮನ ಬೈಕಿನಲ್ಲಿ ಅದೇ ಅಂಗಡಿಗೆ ಹೋದೆವು. ಜಗಳ ಆಡೋ ಉಮೇದಿನಲ್ಲೇ ಹೋಗಿದ್ದೆ, ಸುಳ್ಳು ಯಾಕೆ ಹೇಳಲಿ. ಕೌಂಟರಿನಲ್ಲಿದ್ದವನು ನನ್ನದೇ ವಯಸ್ಸಿನ ಹುಡುಗ. ಡಿಪ್ಲೊಮಾ ಓದಿದ್ದಾನಂತೆ. ಲೇಬಲ್ ತೋರಿಸಿದೆ, ಮಲ್ಟಿಮೀಟರಿನ ಕತೆ ಹೇಳಿದೆ. ಅವನು ತಲೆ ಅಲ್ಲಾಡಿಸಿ, "ನಂಗೂ ಸಪ್ಲೈ ಮೇಲೇ ಡೌಟ್ ಇತ್ತು ಸಾರ್" ಅಂದ.

"ಮತ್ತೆ ಯಾಕ್ರೀ ಮದರ್‌ಬೋರ್ಡ್ ಅಂದ್ರಿ?"

"ಇಲ್ಲಿ ಆನ್ ಮಾಡಿಟ್ರೆ ಚೆನ್ನಾಗೇ ಇರುತ್ತೆ. ಆಫ್ ಆಗೋದು ನೋಡ್ಬೇಕಂದ್ರೆ ಎರಡು ಮೂರು ಗಂಟೆ ಕೂರ್ಬೇಕು. ಕೂತು ನೋಡಿ ಹೇಳಿದ್ರೆ ಜನ ಏನಂತಾರೆ ಗೊತ್ತಾ? 'ನೋಡಿದ್ದಕ್ಕೂ ದುಡ್ಡಾ?' ಅಂತಾರೆ. ಫಾರ್ಮ್ಯಾಟ್ ಮಾಡಿದೆ ಅಂದ್ರೆ ಐನೂರು ಮಾತಾಡ್ದೆ ಕೊಡ್ತಾರೆ. ಪಾರ್ಟ್ ಹಾಕಿದ್ರೆ ನಂಗೂ ನೂರಿನ್ನೂರು ಉಳಿಯುತ್ತೆ."

ಜಗಳಕ್ಕೆ ಅಂತ ಕೂಡಿಟ್ಟುಕೊಂಡಿದ್ದ ಮಾತೆಲ್ಲ ಗಂಟಲಲ್ಲೇ ಉಳಿಯಿತು. ಅವನು ಮಾಡಿದ್ದು ಸರಿ ಅಂತ ನಾನು ಹೇಳಲ್ಲ. ಅನುಮಾನ ಇದ್ದದ್ದನ್ನ ಹೇಳದೆ ಎಂಟೂವರೆ ಸಾವಿರದ ಬೋರ್ಡು ಹಾಕೋಕೆ ಹೊರಟದ್ದು ತಪ್ಪೇ. ಆದರೆ ಅವನು ಹೇಳಿದ ಲೆಕ್ಕ ಸುಳ್ಳಲ್ಲ. ಒಳ್ಳೆಯ ಸಪ್ಲೈ ಒಂದನ್ನ ಕೇಳಿದ ತಕ್ಷಣ ಕೊಟ್ಟ, "ನಾಳೆ ಬೆಳಿಗ್ಗೆ ತಂದ್ಕೊಡಿ" ಅಂತ. ದುಡ್ಡಿನ ಮಾತೇ ಎತ್ತಲಿಲ್ಲ.

ಆರು ಗಂಟೆಗೆ ರೆಂಡರ್ ಶುರು ಮಾಡಿದೆವು. ಶಿಡ್ಲಘಟ್ಟದ ಮದುವೆ, ಮೂರು ಗಂಟೆ ಅಂತ ತೋರಿಸ್ತು. ಕಂಪ್ಯೂಟರಿನ ಮುಂದೆಯೇ ಕೂತಿದ್ದರೆ ತಮ್ಮನಿಗೆ ಎದೆ ಒಡೆದುಕೊಳ್ಳುತ್ತೆ ಅಂತ ಅವನನ್ನ ಎಳೆದುಕೊಂಡು ಸರ್ ಎಂ.ವಿ. ಸ್ಮಾರಕದ ಕಡೆ ಹೆಜ್ಜೆ ಹಾಕಿದೆ. ಹುಟ್ಟಿದ್ದೂ ಇದೇ ಊರಿನಲ್ಲಿ, ಸಮಾಧಿಯೂ ಇಲ್ಲೇ. ಚಿಕ್ಕವರಿದ್ದಾಗ ಸೆಪ್ಟೆಂಬರ್ 15 ಬಂದರೆ ನಮಗೆ ಭಾಷಣ, ಸಿಹಿ. ಬೀದಿದೀಪದ ಕೆಳಗೆ ಓದಿದ ಕತೆ ಎಷ್ಟು ಸಲ ಕೇಳಿದ್ದೀವೋ! ಆದರೆ ಅವತ್ತು ನನಗೆ ನೆನಪಾಗಿದ್ದು ಯಾವ ಭಾಷಣದಲ್ಲೂ ಕೇಳದ ಇನ್ನೊಂದು ವಿಷಯ.

1908ರ ಸೆಪ್ಟೆಂಬರಿನಲ್ಲಿ ಮೂಸಿ ನದಿ ಉಕ್ಕಿ ಹೈದರಾಬಾದು ಮುಳುಗಿತು. ಸಾವಿರಾರು ಜನ ಸತ್ತರು. ನಿಜಾಮರ ಸರ್ಕಾರ 1909ರಲ್ಲಿ ವಿಶ್ವೇಶ್ವರಯ್ಯನವರನ್ನ ಕರೆಸಿತು. ಯಾವ ಹುದ್ದೆಗೆ? ವಿಶೇಷ ಸಲಹಾ ಇಂಜಿನಿಯರ್. ಮುಂಬಯಿ ಸರ್ಕಾರದ ಕೆಲಸ ಬಿಟ್ಟಿದ್ದರು, ಇನ್ನೂ ಮೈಸೂರಿನ ಚೀಫ್ ಇಂಜಿನಿಯರ್ ಆಗಿರಲಿಲ್ಲ. ಹೋದವರೇ ಗಾರೆ ಕಲಸಲಿಲ್ಲ. ಮಳೆಯ ಅಂಕಿಅಂಶ ಕೂಡಿಹಾಕಿದರು, ಮೇಲ್ಭಾಗದ ಕೆರೆಗಳು ಒಡೆದದ್ದನ್ನ ನೋಡಿದರು, ನದಿಗೆ ಎಷ್ಟು ನೀರು ಬಂದಿರಬಹುದು ಅಂತ ಲೆಕ್ಕ ಹಾಕಿದರು. ಅದಾದ ಮೇಲೆ ಊರಿನ ಮೇಲ್ಗಡೆ ಜಲಾಶಯ ಕಟ್ಟಿ ಅಂತ ವರದಿ ಕೊಟ್ಟರು. ಉಸ್ಮಾನ್ ಸಾಗರ್ 1920ರಲ್ಲಿ, ಹಿಮಾಯತ್ ಸಾಗರ್ 1927ರಲ್ಲಿ ಮುಗಿದವು. ಅಂದರೆ ನಮ್ಮೂರಿನ ಅತಿ ದೊಡ್ಡ ಇಂಜಿನಿಯರಿಗೆ ಒಂದು ರಾಜ್ಯ ಸಂಭಾವನೆ ಕೊಟ್ಟದ್ದು ಮೊದಲು ನೋಡಿ ಹೇಳೋದಕ್ಕೆ!

ಅಂಥವರ ಊರಿನಲ್ಲಿ ನಾವು ನೋಡಿದ್ದಕ್ಕೆ ದುಡ್ಡು ಕೊಡಲ್ಲ ಅಂತೀವಿ.

ಡಾಕ್ಟರಿಗೆ ಕೊಡ್ತೀವಿ. ನಾಡಿ ನೋಡಿ "ಏನಿಲ್ಲ ಹೋಗಿ" ಅಂದರೂ ಫೀಸು ಇಟ್ಟು ಬರ್ತೀವಿ. ವಕೀಲರಿಗೆ ಕೊಡ್ತೀವಿ. ಬೋರ್‌ವೆಲ್ಲಿಗೆ ತೆಂಗಿನಕಾಯಿ ಹಿಡಿದು ಪಾಯಿಂಟು ತೋರಿಸೋರಿಗೂ ಕೊಡ್ತೀವಿ, ನೀರು ಬರದಿದ್ದರೂ! ಆದರೆ ಟಿವಿ, ಮೋಟಾರು, ಕಂಪ್ಯೂಟರು ರಿಪೇರಿಯವನು ಎರಡು ಗಂಟೆ ತಲೆ ಕೆಡಿಸಿಕೊಂಡು ಒಂದು ಸಡಿಲ ತಂತಿ ಸಿಕ್ಕಿಸಿದರೆ "ಇಷ್ಟಕ್ಕೆ ಮುನ್ನೂರಾ?" ನನ್ನ ಆಫೀಸಿನಲ್ಲಿ ಸರ್ವರ್ ಬಿದ್ದರೆ ಯಾಕೆ ಬಿತ್ತು ಅಂತ ಹುಡುಕೋಕೆ ನಾಲ್ಕು ಜನ ಒಂದು ವಾರ ಕೂರ್ತೀವಿ. ಯಾರೂ ಯಾವ ಪಾರ್ಟನ್ನೂ ಬದಲಿಸಿರಲ್ಲ. ತಿಂಗಳ ಕೊನೆಗೆ ಸಂಬಳ ಬರುತ್ತೆ. ಆ ಸಂಬಳ ತೆಗೆದುಕೊಳ್ಳೋ ನಾನೇ ಚಿಕ್ಕಬಳ್ಳಾಪುರದ ಹುಡುಗನಿಗೆ ಪಾರ್ಟು ಹಾಕಿದರೆ ಮಾತ್ರ ಕಾಸು ಅಂದರೆ, ಅವನು ಪಾರ್ಟೇ ಹಾಕ್ತಾನೆ. ಬೇರೇನು ಮಾಡ್ಬೇಕು?

ಬಡವರು ನೋಡೋದಕ್ಕೂ ಕೊಡಬೇಕಾ ಅಂತ ಕೇಳಬಹುದು. ತಮ್ಮನ ಲೆಕ್ಕವನ್ನೇ ನೋಡಿ. ಊಹೆಗಳಿಗೆ ಕೊಟ್ಟದ್ದು ಎರಡು ಸಾವಿರದ ಎಂಟುನೂರು. ಇನ್ನು ಎಂಟೂವರೆ ಹೋಗುವುದರಲ್ಲಿತ್ತು, ಅದರ ಮೇಲೆ ಬಳೆಯ ಬಡ್ಡಿ. ಮೊದಲ ದಿನವೇ ಯಾರೋ ಐನೂರು ತೆಗೆದುಕೊಂಡು ಮೂರು ಗಂಟೆ ಕೂತಿದ್ದರೆ? ಹೌದು, ಫೀಸು ಕೊಟ್ಟ ಮಾತ್ರಕ್ಕೆ ಎಲ್ಲರೂ ಸರಿಯಾಗಿ ಹುಡುಕ್ತಾರೆ ಅಂತಲ್ಲ. ಕೊಟ್ಟಿದ್ದರೆ "ಏನು ನೋಡಿದ್ರಿ, ಹೇಗೆ ಗೊತ್ತಾಯ್ತು" ಅಂತ ಕೇಳೋ ಹಕ್ಕಾದರೂ ಇರುತ್ತಿತ್ತು. ಫಾರ್ಮ್ಯಾಟಿಗೆ ದುಡ್ಡು ಕೊಟ್ಟು ಕಾರಣ ಕೇಳಿದರೆ ಏನು ಹೇಳ್ತಾರೆ ಪಾಪ.

ನಿಮ್ಮ ಮನೆಯಲ್ಲೂ ಇಂಥ ಡಬ್ಬ ಇದ್ದರೆ, ಅಂಗಡಿಗೆ ಹೊರಡೋ ಮುಂಚೆ ಒಂದು ಚೀಟಿ ಬರೆದಿಟ್ಟುಕೊಳ್ಳಿ: ಏನು ಮಾಡುವಾಗ ಆಫ್ ಆಗುತ್ತೆ, ಎಷ್ಟು ಹೊತ್ತಿಗೆ, ಮೊದಲು ನಿಧಾನವಾಗುತ್ತಾ ಅಥವಾ ದಿಢೀರಂತಾ, ತಾನಾಗಿ ಮತ್ತೆ ಆನ್ ಆಗುತ್ತಾ ಅಥವಾ ಹಿಂದಿನ ಸ್ವಿಚ್ ಬೇಕಾ, ಅದಕ್ಕೂ ಮುಂಚೆ ಹೊಸದಾಗಿ ಏನು ಸೇರಿಸಿದ್ದಿರಿ. ಸಪ್ಲೈ ಕೊಳ್ಳುವಾಗ ದಪ್ಪಕ್ಷರ ಬಿಟ್ಟು 12 ವೋಲ್ಟಿನ ಸಾಲು ಓದಿ. ಹೊಸ ಕಾರ್ಡುಗಳ ಬಾಯಂತೂ ಇನ್ನೂ ದೊಡ್ಡದು. ಕ್ಷಣಮಾತ್ರದಲ್ಲಿ ಎರಡು ಪಟ್ಟು ಎಳೆದುಬಿಡ್ತಾವೆ, ಅದಕ್ಕೇ 2022ರ ಎಟಿಎಕ್ಸ್ 3.0 ನಿಯಮದಲ್ಲಿ ಅಂಥ ಎಳೆತ ತಡೆಯಬೇಕು ಅಂತಲೇ ಸೇರಿಸಿದರು. ಮಲ್ಟಿಮೀಟರಿಗೆ ಆ ಎಳೆತ ಕಾಣೋದೂ ಇಲ್ಲ.

ಒಂಬತ್ತಕ್ಕೆ ಮನೆಗೆ ಬಂದಾಗ ಪರದೆಯ ಮೇಲೆ ಶೇಕಡಾ 97. ನಾವಿಬ್ಬರೂ ಮಾತಾಡದೆ ನಿಂತು ನೋಡಿದೆವು. 98... 99... ಚಿಕ್ಕಮ್ಮ ಒಳಗಿನಿಂದ "ಆಫ್ ಆಯ್ತೇನೋ?" ಅಂತ ಕೂಗಿದರು. ಆಗಲಿಲ್ಲ.

ಭಾನುವಾರ ಬೆಳಿಗ್ಗೆ ಅಂಗಡಿಗೆ ಹೋಗಿ ಎರವಲು ಸಪ್ಲೈ ವಾಪಸ್ ಕೊಟ್ಟು, 550 ವ್ಯಾಟಿನದೊಂದು ತೆಗೆದುಕೊಂಡೆವು. ಎಂಟು ಪಿನ್ನಿನ ಕೇಬಲ್ ಇರುವಂಥದ್ದು, ನಾಲ್ಕು ಸಾವಿರ ಚಿಲ್ಲರೆ. ಅದರ ಜೊತೆ ಇನ್ನೂ ಮುನ್ನೂರು ಇಟ್ಟೆ. "ಇದ್ಯಾಕೆ ಸಾರ್?" ಅಂದ.

"ರಾತ್ರಿಯೆಲ್ಲಾ ಸಪ್ಲೈ ಕೊಟ್ರಲ್ಲ, ಟೆಸ್ಟ್ ಮಾಡಿದ್ದಕ್ಕೆ."

ಬೇಡ ಬೇಡ ಅಂದ, ಆಮೇಲೆ ತೆಗೆದುಕೊಂಡ. ಬಿಲ್ ಪುಸ್ತಕ ತೆರೆದು ಎಸ್‌ಎಂಪಿಎಸ್ಸಿನ ಸಾಲು ಬರೆದ. ಮುಂದಿನ ಸಾಲಿಗೆ ಬಂದು ಪೆನ್ನು ನಿಲ್ಲಿಸಿ, "ಏನಂತ ಬರೀಲಿ ಸಾರ್?" ಅಂತ ಕೇಳಿದ. ನನಗೂ ತಕ್ಷಣ ಹೊಳೆಯಲಿಲ್ಲ. ಸ್ವಲ್ಪ ಹೊತ್ತು ಯೋಚನೆ ಮಾಡಿ ಅವನೇ ಬರೆದುಕೊಂಡ: ಫಾರ್ಮ್ಯಾಟಿಂಗ್, 300.